ಬೆಲ್‌ರೋಸ್ ಬೇಸ್‌ಮೆಂಟಿನಲ್ಲಿ ಲೆಕ್ಕದ ಕೋತಿ

ನ್ಯೂಯಾರ್ಕ್ ನಗರ ಮುಗಿದು ಲಾಂಗ್ ಐಲೆಂಡಿನ ನಾಸೋ ಕೌಂಟಿ ಶುರುವಾಗುವ ಅಂಚಿನಲ್ಲಿದೆ ನಮ್ಮ ಬೆಲ್‌ರೋಸ್. ಮ್ಯಾನ್‌ಹಟನ್ನಿನ ಗಗನಚುಂಬಿ ಕಟ್ಟಡಗಳನ್ನು ಸಿನಿಮಾದಲ್ಲಿ ನೋಡಿ ಬಂದ ನೆಂಟರಿಗೆ ಇಲ್ಲಿಯ ಸಾಲು ಮನೆಗಳು, ಅಂಗೈಯಗಲದ ಹುಲ್ಲುಹಾಸು, ಹಿಂದೊಂದು ಗ್ಯಾರೇಜು ನೋಡಿ ಸ್ವಲ್ಪ ನಿರಾಸೆಯೇ ಆಗುತ್ತದೆ. ಹಿಲ್‌ಸೈಡ್ ಅವೆನ್ಯೂಗೆ ಹೋದರೆ ತೊಗರಿಬೇಳೆ, ಕರಿಬೇವು ಎಲ್ಲ ಸಿಗುತ್ತದೆ. ಪಂಜಾಬಿ, ಗುಜರಾತಿ, ಮಲಯಾಳಂ ಕಿವಿಗೆ ಬೀಳುತ್ತವೆ. ಕನ್ನಡ ಬೀಳಬೇಕೆಂದರೆ ಮಾತ್ರ ನಾವೇ ಬಾಯಿ ಬಿಡಬೇಕು.

ನಾವು ಲೆಕ್ಕಪತ್ರದವರು. ಬಿ.ಕಾಂ. ಮುಗಿಸಿ, ಬೆಂಗಳೂರಿನಲ್ಲಿ ಸಿ.ಎ. ಮಾಡಿಕೊಂಡು ಇಲ್ಲಿಗೆ ಬಂದವರು. ಜನವರಿಯಿಂದ ಏಪ್ರಿಲ್ 15ರವರೆಗೆ ಇಲ್ಲಿ ತೆರಿಗೆಯ ಸುಗ್ಗಿ. ಆ ಮೂರೂವರೆ ತಿಂಗಳು ಮನೆಯಲ್ಲಿದ್ದರೂ ನಾವು ಮನೆಯಲ್ಲಿಲ್ಲ. ಮನೆಯವರಿಗೂ ಕೆಲಸವಿದೆ. ಹಾಗಾಗಿ ನಾಲ್ಕು ವರ್ಷದ ನಮ್ಮ ಪುಟ್ಟಿಯನ್ನು ಸಂಜೆ ನೋಡಿಕೊಳ್ಳುತ್ತಿದ್ದವರು ಇಬ್ಬರು: ಒಂದು ಟಿ.ವಿ., ಇನ್ನೊಂದು ತಿಪಟೂರಿನಲ್ಲಿದ್ದ ಅಜ್ಜ.

ಚಳಿಗಾಲದಲ್ಲಿ ಇಲ್ಲಿಯ ರಾತ್ರಿ ಎಂಟು ಅಂದರೆ ಅಲ್ಲಿಯ ಬೆಳಗಿನ ಆರೂವರೆ. ಅಜ್ಜ ಕಾಫಿ ಲೋಟ ಹಿಡಿದು ಜಗಲಿಯಲ್ಲಿ ಕೂತು ವಾಟ್ಸ್ಆ್ಯಪ್‌ನಲ್ಲಿ ಕತೆ ಹೇಳುತ್ತಿದ್ದರು. ನಮ್ಮ ತಂದೆ ನಲವತ್ತು ವರ್ಷ ಕೊಬ್ಬರಿ ಮಂಡಿಯಲ್ಲಿ ಗುಮಾಸ್ತರಾಗಿದ್ದವರು. ಕತೆಯೂ ಮಂಡಿಯದೇ. ಒಂದು ಕೋತಿ ದಿನಾ ಮಂಡಿಗೆ ಬಂದು ಒಂದು ಕೊಬ್ಬರಿ ಗಿಟುಕು ಕದಿಯುತ್ತದೆ. ಗುಮಾಸ್ತ ಅದನ್ನು ಓಡಿಸುವುದಿಲ್ಲ. ಕಿರ್ದಿ ಪುಸ್ತಕ ತೆಗೆದು ‘ಕೋತಿ, ಗಿಟುಕು ಒಂದು’ ಎಂದು ಬರೆದುಕೊಳ್ಳುತ್ತಾನೆ. ತನ್ನ ಹೆಸರು ಪುಸ್ತಕದಲ್ಲಿದೆ ಎಂದು ತಿಳಿದ ಕೋತಿಗೆ ಮರ್ಯಾದೆಯ ಪ್ರಶ್ನೆ. ಸಾಲ ತೀರಿಸಲು ಹೊರಡುತ್ತದೆ. ಒಂದು ದಿನ ಹುಣಸೆಹಣ್ಣು ತರುತ್ತದೆ, ಒಂದು ದಿನ ನವಿಲುಗರಿ, ಒಂದು ದಿನ ಯಾರದೋ ಒಂಟಿ ಚಪ್ಪಲಿ.

ಅಲ್ಲಿಗೆ ನಿಲ್ಲಿಸಿ ಅಜ್ಜ ಕೇಳುತ್ತಿದ್ದರು: “ಈಗ ಹೇಳವ್ವ ಪುಟ್ಟಿ, ಒಂದು ನವಿಲುಗರಿಗೆ ಎಷ್ಟು ಗಿಟುಕು ಜಮಾ ಮಾಡ್ಲಿ?” ಪುಟ್ಟಿ ಯೋಚಿಸುತ್ತಿದ್ದಳು. ಕೆಲವೊಮ್ಮೆ ಒಂದು ನಿಮಿಷ. ಅಜ್ಜನೂ ಸುಮ್ಮನೆ ಕಾಯುತ್ತಿದ್ದರು. ಪಕ್ಕದ ಕೋಣೆಯಲ್ಲಿ ರಿಟರ್ನ್ ತುಂಬುತ್ತಿದ್ದ ನಮಗೆ ಲೈನು ಕಟ್ಟಾಯಿತೇನೋ ಅನಿಸುತ್ತಿತ್ತು. ಆಮೇಲೆ “ಮೂರು!” ಎಂಬ ಕೂಗು.

ಕಳೆದ ವರ್ಷ ಫೆಬ್ರುವರಿಯಲ್ಲಿ ಒಂದು ಬೆಳಿಗ್ಗೆ ಅಜ್ಜ ಹೋಗಿಬಿಟ್ಟರು. ಹಿಂದಿನ ದಿನದ ಕತೆಯಲ್ಲಿ ಕೋತಿ ಮುಚ್ಚಿದ ತಗಡಿನ ಡಬ್ಬಿಯೊಂದನ್ನು ತಂದು ಮಂಡಿಯ ಕಟ್ಟೆಯ ಮೇಲಿಟ್ಟಿತ್ತು. ನಾಳೆ ತೆಗೆದು ನೋಡೋಣ ಎಂದು ಹೇಳಿ ಅವರು ಫೋನಿಟ್ಟಿದ್ದರು.

ಯಾವ ಫ್ಲೈಟ್?

ನಮ್ಮಿಬ್ಬರಲ್ಲಿ ಒಬ್ಬರು ಮಾತ್ರ ಊರಿಗೆ ಹೋಗುವುದೆಂದಾಯಿತು. ಅಂತ್ಯಕ್ರಿಯೆ ಸಿಗಲಿಲ್ಲ, ಹನ್ನೊಂದನೆಯ ದಿನದ ಕಾರ್ಯಕ್ಕೆ ಮುಟ್ಟಿದೆವು. ಹೊರದೇಶದಲ್ಲಿ ಮಕ್ಕಳಿರುವ ಮನೆಗಳಲ್ಲಿ ಇದು ಹೊಸ ಸುದ್ದಿಯಲ್ಲ, ಇದನ್ನು ಬೆಳೆಸುವುದಿಲ್ಲ.

ಪುಟ್ಟಿಗೆ ಹೇಳುವುದು ಹೇಗೆಂಬುದೇ ನಮಗೆ ತಿಳಿಯಲಿಲ್ಲ. ಮೊದಲು, ಅಜ್ಜ ದೇವರ ಹತ್ತಿರ ಹೋಗಿದ್ದಾರೆ ಅಂದೆವು. “ಯಾವ ಫ್ಲೈಟ್?” ಎಂದು ಕೇಳಿದಳು. ನಮ್ಮ ಮಕ್ಕಳಿಗೆ ಹೋಗುವುದು ಎಂದರೆ ಏರ್‌ಪೋರ್ಟು, ಮತ್ತೆ ಹೋದವರು ಆರು ತಿಂಗಳಿಗೆ ವಾಪಸು ಬರುತ್ತಾರೆ. ಆಮೇಲೆ, ಅಜ್ಜ ಮಲಗಿಬಿಟ್ಟಿದ್ದಾರೆ, ಏಳುವುದಿಲ್ಲ ಅಂದೆವು. ಅದು ಇನ್ನೂ ಕೆಟ್ಟದ್ದಾಯಿತು. ಎರಡು ರಾತ್ರಿ ಅವಳು ಮಲಗಲೇ ಇಲ್ಲ.

ಹತ್ತಿರದ ನ್ಯೂ ಹೈಡ್ ಪಾರ್ಕಿನಲ್ಲಿ ಶಿವಮೊಗ್ಗ ಕಡೆಯ ಒಂದು ಕುಟುಂಬವಿದೆ. ಆ ಮನೆಯಾಕೆ ಇಲ್ಲಿಯ ಶಿಶುವಿಹಾರವೊಂದರಲ್ಲಿ ಟೀಚರ್. “ಅಣ್ಣಾ, ಸೆಸಮಿ ಸ್ಟ್ರೀಟ್‌ನವರು ಇದನ್ನೇ ಒಂದು ಕಂತು ಮಾಡಿದ್ದಾರೆ, ಮೊದಲು ನೀವಿಬ್ಬರು ನೋಡಿ, ಆಮೇಲೆ ಮಗೂಗೆ ತೋರಿಸಿ” ಎಂದರು.

ಸೆಸಮಿ ಸ್ಟ್ರೀಟ್ ಗೊತ್ತಿಲ್ಲದ ಓದುಗರಿಗೆ ಎರಡು ಮಾತು. ಶಾಲೆಗೆ ಇನ್ನೂ ಸೇರದ ಪುಟಾಣಿಗಳಿಗಾಗಿ 1969ರ ನವೆಂಬರ್ 10ರಂದು ಅಮೆರಿಕದ ಟಿ.ವಿ.ಯಲ್ಲಿ ಶುರುವಾದ ಕಾರ್ಯಕ್ರಮ, ಇವತ್ತಿಗೂ ನಡೆಯುತ್ತಿದೆ. ಒಂದು ಸಾಮಾನ್ಯ ನ್ಯೂಯಾರ್ಕ್ ಬೀದಿ. ಅಲ್ಲಿ ಮನುಷ್ಯರೂ ಬೊಂಬೆಗಳೂ ನೆರೆಹೊರೆ. ಎಂಟಡಿ ಎರಡಿಂಚು ಎತ್ತರದ ಹಳದಿ ಹಕ್ಕಿ ಬಿಗ್ ಬರ್ಡ್, ಕಸದ ಡಬ್ಬಿಯಲ್ಲಿ ವಾಸಿಸುವ ಸಿಡುಕ ಆಸ್ಕರ್. ಆ ಬೀದಿಯಲ್ಲಿ ಅಂಗಡಿ ಇಟ್ಟುಕೊಂಡಿದ್ದ ಮುದುಕ ಮಿಸ್ಟರ್ ಹೂಪರ್. ಆ ಪಾತ್ರ ಮಾಡುತ್ತಿದ್ದ ವಿಲ್ ಲೀ ಎಂಬ ನಟ 1982ರ ಡಿಸೆಂಬರಿನಲ್ಲಿ ತೀರಿಕೊಂಡರು.

ಬೇರೆ ನಟನನ್ನು ತರಬಹುದಿತ್ತು. ಹೂಪರ್ ಊರು ಬಿಟ್ಟು ಹೋದರು ಎನ್ನಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ಮಕ್ಕಳ ಮನಶ್ಶಾಸ್ತ್ರ ತಿಳಿದವರನ್ನು ಕೇಳಿದರು. ಸಾವಿನ ಕಾರಣಕ್ಕೆ ವಯಸ್ಸು, ಆಸ್ಪತ್ರೆ ಎಂಬ ಮಾತುಗಳನ್ನು ತರುವುದು ಬೇಡ, ತಂದರೆ ಮಗು ನಾಳೆ ಆಸ್ಪತ್ರೆಗೇ ಹೆದರುತ್ತದೆ ಎಂದು ನಿರ್ಧರಿಸಿದರು. ಸತ್ತರು ಎಂಬ ಪದವನ್ನೇ ಬಳಸಿದರು. ಬಿಗ್ ಬರ್ಡ್ ಬೀದಿಯ ಎಲ್ಲರ ಚಿತ್ರ ಬರೆದು ಒಬ್ಬೊಬ್ಬರಿಗೂ ಹಂಚುತ್ತದೆ. ಕೊನೆಗೆ ಹೂಪರ್ ಅವರ ಚಿತ್ರ ಕೈಯಲ್ಲಿ ಉಳಿಯುತ್ತದೆ. ಅವರು ಬಂದ ಮೇಲೆ ಕೊಡುತ್ತೇನೆ ಎನ್ನುತ್ತದೆ. ದೊಡ್ಡವರು, ಅವರು ಬರುವುದಿಲ್ಲ ಎಂದು ಹೇಳಬೇಕಾಗುತ್ತದೆ. ಪ್ರಸಾರಕ್ಕೆ ಮೊದಲು ಅದನ್ನು ಮಕ್ಕಳಿಗೆ, ತಂದೆತಾಯಿಗಳಿಗೆ ತೋರಿಸಿ ಪರೀಕ್ಷಿಸಿದರು. ಪ್ರಸಾರಕ್ಕೆ ಆರಿಸಿಕೊಂಡ ದಿನ 1983ರ ನವೆಂಬರ್ 24, ಥ್ಯಾಂಕ್ಸ್‌ಗಿವಿಂಗ್ ಹಬ್ಬ. ಅಂದು ಇಡೀ ದೇಶಕ್ಕೆ ರಜೆ. ಮಗು ಪ್ರಶ್ನೆ ಕೇಳಿದರೆ ಉತ್ತರಿಸಲು ದೊಡ್ಡವರು ಮನೆಯಲ್ಲಿರುತ್ತಾರೆ ಎಂಬ ಲೆಕ್ಕ.

ಪುಟ್ಟಿ ಅದನ್ನು ನೋಡಿದಳು. ಅಳಲಿಲ್ಲ. ನೋಡಿ ಮುಗಿಸಿ, “ಹಾಗಾದ್ರೆ ಡಬ್ಬಿಯಲ್ಲಿ ಏನಿತ್ತು ಅಂತ ಯಾರು ಹೇಳ್ತಾರೆ?” ಎಂದಳು.

ತಿಪಟೂರಿಗೆ ಫೋನ್ ಮಾಡಿ ಅಮ್ಮನನ್ನು ಕೇಳಿದೆವು. “ನಂಗೂ ಹೇಳ್ಲಿಲ್ಲ ಕಣೋ. ಕೇಳಿದ್ರೆ, ನಿಂಗ್ಯಾಕೆ, ಅದು ನಂದೂ ಪುಟ್ಟೀದೂ ವ್ಯವಹಾರ ಅಂತಿದ್ರು” ಎಂದರು.

ಹನ್ನೆರಡು ಮೈಲಿ ದೂರದ ಬೀದಿ

ಏಪ್ರಿಲ್ 15 ಕಳೆದ ಮೇಲೆ ಒಂದು ಶನಿವಾರ ಪುಟ್ಟಿಯನ್ನು ಕರೆದುಕೊಂಡು ಅಸ್ಟೋರಿಯಾಕ್ಕೆ ಹೋದೆವು. ಸೆಸಮಿ ಸ್ಟ್ರೀಟ್ ಚಿತ್ರೀಕರಣವಾಗುವುದು ನಮ್ಮ ಕ್ವೀನ್ಸಿನಲ್ಲೇ, ಕಾಫ್‌ಮನ್ ಅಸ್ಟೋರಿಯಾ ಸ್ಟುಡಿಯೊದಲ್ಲಿ, 1993ರಿಂದ. ಮನೆಯಿಂದ ಹೆಚ್ಚೆಂದರೆ ಹನ್ನೆರಡು ಮೈಲಿ. ಇಷ್ಟು ವರ್ಷ ಇಲ್ಲಿದ್ದೂ ನಮಗೆ ಗೊತ್ತಿರಲಿಲ್ಲ. ಕ್ಯೂ43 ಬಸ್ಸಿನಲ್ಲಿ ಜಮೈಕಾ, ಅಲ್ಲಿಂದ ಎಫ್ ಟ್ರೈನು, ಜಾಕ್ಸನ್ ಹೈಟ್ಸ್‌ನಲ್ಲಿ ಆರ್ ಟ್ರೈನು ಹಿಡಿದು ಸ್ಟೈನ್‌ವೇ ಸ್ಟ್ರೀಟಿನಲ್ಲಿ ಇಳಿದರಾಯಿತು.

1920ರಲ್ಲಿ ಮೂಕಿ ಚಿತ್ರಗಳಿಗಾಗಿ ಕಟ್ಟಿದ ಸ್ಟುಡಿಯೊ ಅದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೇನೆ ವಹಿಸಿಕೊಂಡು ಸೈನಿಕರ ತರಬೇತಿ ಚಿತ್ರಗಳನ್ನು ಮಾಡಿತಂತೆ. ಸ್ಟುಡಿಯೊ ಒಳಗೆ ನಮ್ಮಂಥವರಿಗೆ ಪ್ರವೇಶವಿಲ್ಲ. ಆದರೆ ಪಕ್ಕದಲ್ಲೇ, ಹಿಂದೆ ಅದೇ ಸ್ಟುಡಿಯೊದ ಭಾಗವಾಗಿದ್ದ ಕಟ್ಟಡದಲ್ಲಿ, ‘ಮ್ಯೂಸಿಯಂ ಆಫ್ ದ ಮೂವಿಂಗ್ ಇಮೇಜ್’ ಇದೆ. ಸೆಸಮಿ ಸ್ಟ್ರೀಟಿನ ಬೊಂಬೆಗಳನ್ನು ಸೃಷ್ಟಿಸಿದ ಜಿಮ್ ಹೆನ್ಸನ್ ಅವರ ಕೆಲಸಗಳಿಗೆಂದೇ ಅಲ್ಲಿ 2017ರಿಂದ ಒಂದು ಪ್ರದರ್ಶನವಿದೆ. ಊರಿನಿಂದ ಅಜ್ಜ ಅಜ್ಜಿ ಬಂದಾಗ ಸ್ಟ್ಯಾಚ್ಯೂ ಆಫ್ ಲಿಬರ್ಟಿಗೆ ಮಾತ್ರ ಕರೆದೊಯ್ಯುವವರು ಇದನ್ನೂ ಸೇರಿಸಿಕೊಳ್ಳಬಹುದು.

ಹೆನ್ಸನ್ ಅವರ ಪ್ರಸಿದ್ಧ ಕಪ್ಪೆ ಕರ್ಮಿಟ್‌ನ ಹುಟ್ಟು ಕೇಳಿದರೆ ಊರ ಅಜ್ಜಿಯರಿಗೆ ಖುಷಿಯಾಗಬೇಕು. 1955ರಲ್ಲಿ ಅವರು ತಾಯಿಯ ಹಳೆಯ ಕೋಟನ್ನು ಕತ್ತರಿಸಿ ಮೈ ಮಾಡಿದರು, ಪಿಂಗ್‌ಪಾಂಗ್ ಚೆಂಡನ್ನು ಎರಡು ಹೋಳು ಮಾಡಿ ಕಣ್ಣಿಟ್ಟರು. ಅಷ್ಟೇ ಬಂಡವಾಳ. ಬಿಗ್ ಬರ್ಡಿನ ಒಳಗಿರುವ ಕಲಾವಿದ ಬಲಗೈಯನ್ನು ತಲೆಯ ಮೇಲೆ ನೀಟಾಗಿ ಎತ್ತಿ ಹಿಡಿದು ಅದರಲ್ಲೇ ಹಕ್ಕಿಯ ಕೊಕ್ಕು ಆಡಿಸುತ್ತಾನೆ. ಹೊರಗಿನದೇನೂ ಕಾಣದ್ದರಿಂದ ಎದೆಗೆ ಒಂದು ಪುಟ್ಟ ಟಿ.ವಿ. ಕಟ್ಟಿಕೊಂಡು ಅದನ್ನು ನೋಡಿಕೊಂಡು ನಡೆಯುತ್ತಾನೆ. ಕ್ಯಾರಲ್ ಸ್ಪಿನ್ನಿ ಎಂಬವರು ಹೀಗೆ ಕೈ ಎತ್ತಿಕೊಂಡೇ ಸುಮಾರು ಐವತ್ತು ವರ್ಷ ದುಡಿದರು. ಯಕ್ಷಗಾನ ಬೊಂಬೆಯಾಟಕ್ಕೆ ಹೆಸರಾದ ನಮ್ಮ ಉಪ್ಪಿನಕುದ್ರುವಿನವರಿಗೂ ತೋಳು ನೋವಿನ ಈ ಲೆಕ್ಕ ಗೊತ್ತಿರುತ್ತದೆ.

ಆದರೆ ಲೆಕ್ಕಿಗರಾದ ನಮಗೆ ಹಿಡಿಸಿದ್ದು ಬೇರೆ. ಮ್ಯೂಸಿಯಮ್ಮಿನಿಂದ ಬಂದ ಮೇಲೆ ಹುಡುಕಿ ಓದಿದ್ದು.

1966ರಲ್ಲಿ ಮ್ಯಾನ್‌ಹಟನ್ನಿನ ಒಂದು ಮನೆಯಲ್ಲಿ ರಾತ್ರಿಯೂಟ. ಕಾರ್ನೆಗಿ ಸಂಸ್ಥೆಯ ಲಾಯ್ಡ್ ಮಾರಿಸೆಟ್ ತಮ್ಮ ಮೂರು ವರ್ಷದ ಮಗಳ ವಿಷಯ ತೆಗೆದರು. ಅವಳು ಬೆಳಗಿನ ಜಾವ ಎದ್ದು, ಕಾರ್ಟೂನ್ ಶುರುವಾಗುವುದಕ್ಕೂ ಮೊದಲು ಬರುವ ಗೆರೆಗಳ ಚಿತ್ರವನ್ನೇ ನೋಡುತ್ತ ಕೂರುತ್ತಾಳೆ, ಈ ಟಿ.ವಿ.ಯಿಂದ ಮಕ್ಕಳು ಏನಾದರೂ ಕಲಿಯಬಹುದೇ ಎಂದು ಅವರು ಕೇಳಿದರು. ಆತಿಥೇಯರಾಗಿದ್ದ ಜೋನ್ ಗ್ಯಾಂಜ್ ಕೂನಿ ಟಿ.ವಿ.ಯಲ್ಲಿ ಕೆಲಸ ಮಾಡುತ್ತಿದ್ದವರು. ಅವರು ಅಧ್ಯಯನ ಮಾಡಿ ವರದಿ ಬರೆದರು. ಸರ್ಕಾರ ಮತ್ತು ಫೌಂಡೇಷನ್ನುಗಳಿಂದ 80 ಲಕ್ಷ ಡಾಲರ್ ಕೂಡಿಸಿದರು. 1969ರ ಮಟ್ಟಿಗೆ ಅದು ಭಾರಿ ಹಣ. ಆ ಹಣದಲ್ಲಿ ಒಂದು ಪಾಲು ಹೋದದ್ದು ಮಕ್ಕಳ ಕಣ್ಣು ಎಲ್ಲಿ ನೋಡುತ್ತದೆ ಎಂದು ಬರೆದುಕೊಳ್ಳುವ ಕೆಲಸಕ್ಕೆ.

ಎಡ್ವರ್ಡ್ ಪಾಮರ್ ಎಂಬ ಸಂಶೋಧಕರ ವಿಧಾನ ಇದು. ಮಗುವಿನ ಮುಂದೆ ಟಿ.ವಿ.ಯಲ್ಲಿ ಕಾರ್ಯಕ್ರಮ ಹಾಕುತ್ತಾರೆ. ಪಕ್ಕದಲ್ಲೇ ಇನ್ನೊಂದು ಪರದೆ. ಅದರ ಮೇಲೆ ಏಳೆಂಟು ಸೆಕೆಂಡಿಗೊಮ್ಮೆ ಬೇರೆ ಬೇರೆ ಬಣ್ಣದ ಚಿತ್ರ ಬದಲಾಗುತ್ತದೆ. ಕಾರ್ಯಕ್ರಮ ಸಪ್ಪೆಯಾದ ಕ್ಷಣ ಮಗು ಆ ಕಡೆ ತಿರುಗುತ್ತದೆ. ತಿರುಗಿದ್ದನ್ನು ಒಬ್ಬರು ಗುರುತು ಹಾಕುತ್ತಾರೆ. ಮಕ್ಕಳನ್ನು ಚೆನ್ನಾಗಿದೆಯಾ ಎಂದು ಬಾಯಿಬಿಟ್ಟು ಕೇಳುವುದಿಲ್ಲ, ಕಣ್ಣನ್ನು ಕೇಳುತ್ತಾರೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಇದು ಆಡಿಟ್.

ಆ ಆಡಿಟ್‌ನಿಂದ ಹೊರಬಿದ್ದ ಒಂದು ಸತ್ಯ ಇಡೀ ಕಾರ್ಯಕ್ರಮವನ್ನೇ ಬದಲಿಸಿತು. ಚಿಕ್ಕ ಮಕ್ಕಳಿಗೆ ನಿಜ ಯಾವುದು, ಕಲ್ಪನೆ ಯಾವುದು ಗೊಂದಲವಾಗುತ್ತದೆ, ಆದ್ದರಿಂದ ಬೊಂಬೆಗಳನ್ನೂ ಮನುಷ್ಯರನ್ನೂ ಒಂದೇ ದೃಶ್ಯದಲ್ಲಿ ತರಬೇಡಿ ಎಂದು ತಜ್ಞರು ಹೇಳಿದ್ದರು. ಅದರಂತೆ ಮಾಡಿದ ಪ್ರಯೋಗದ ಕಂತುಗಳನ್ನು 1969ರ ಜುಲೈನಲ್ಲಿ ಫಿಲಡೆಲ್ಫಿಯಾದ ಮಕ್ಕಳಿಗೆ ತೋರಿಸಿದರು. ಬೊಂಬೆಗಳು ಬಂದಾಗ ಮಕ್ಕಳು ಕಣ್ಣು ಮಿಟುಕಿಸಲಿಲ್ಲ. ಬೀದಿಯಲ್ಲಿ ಬರೀ ಮನುಷ್ಯರು ಮಾತಾಡುವಾಗ ಎಲ್ಲರೂ ಅತ್ತ ಇತ್ತ. ಆಗ ತಜ್ಞರ ಮಾತನ್ನು ಪಕ್ಕಕ್ಕಿಟ್ಟು, ಬೀದಿಯಲ್ಲೇ ವಾಸಿಸುವ ಬೊಂಬೆಗಳನ್ನು ಮಾಡಿಕೊಡಿ ಎಂದು ಹೆನ್ಸನ್ ಅವರನ್ನು ಕೇಳಿದರು. ಹಾಗೆ ಹುಟ್ಟಿದವರು ಬಿಗ್ ಬರ್ಡ್ ಮತ್ತು ಆಸ್ಕರ್. ಕಿರ್ದಿ ಬರೆಯುವ ಗುಮಾಸ್ತ, ಅವನೊಡನೆ ವ್ಯವಹಾರ ಮಾಡುವ ಕೋತಿ. ಅಜ್ಜನಿಗೆ ಯಾವ ತಜ್ಞರೂ ಹೇಳಿಕೊಟ್ಟಿರಲಿಲ್ಲ.

ಕಲ್ಪನೆಗೂ ಒಂದು ಜವಾಬ್ದಾರಿಯಿದೆ ಎಂಬುದನ್ನೂ ಅವರು ಹೀಗೇ ಕಲಿತರು. 1971ರಲ್ಲಿ ಬಂದ ಸ್ನಫಲಪಗಸ್ ಎಂಬ ಆನೆಯಂಥ ಪ್ರಾಣಿ ಬಿಗ್ ಬರ್ಡಿಗೆ ಮಾತ್ರ ಕಾಣುತ್ತಿತ್ತು. ದೊಡ್ಡವರು ಬರುವಷ್ಟರಲ್ಲಿ ಮಾಯ. ಬಿಗ್ ಬರ್ಡ್ ಹೇಳಿದ್ದನ್ನು ದೊಡ್ಡವರು ನಂಬುತ್ತಲೇ ಇರಲಿಲ್ಲ. ಹದಿನಾಲ್ಕು ವರ್ಷ ಈ ತಮಾಷೆ ನಡೆಯಿತು. ಆದರೆ ದೊಡ್ಡವರು ಮಕ್ಕಳ ಮಾತನ್ನು ನಂಬುವುದಿಲ್ಲ ಎಂಬ ಪಾಠ ಮಗುವಿನ ತಲೆಯಲ್ಲಿ ಕೂತರೆ, ನಾಳೆ ಯಾರಾದರೂ ಅದಕ್ಕೆ ಕೆಟ್ಟದ್ದು ಮಾಡಿದಾಗ ಅದು ಬಾಯಿ ಬಿಡುವುದೇ? ಈ ಆತಂಕದಿಂದ 1985ರಲ್ಲಿ ದೊಡ್ಡವರಿಗೂ ಸ್ನಫಿ ಕಾಣುವಂತೆ ಮಾಡಿದರು. 1992ರಲ್ಲಿ ಅದೇ ಸ್ನಫಿಯ ಅಪ್ಪ ಅಮ್ಮ ಬೇರೆಯಾಗುವ ಒಂದು ಕಂತು ಮಾಡಿ ಮಕ್ಕಳಿಗೆ ತೋರಿಸಿ ನೋಡಿದರು. ಮಕ್ಕಳು ಗಾಬರಿಯಾದರು. ಪೂರ್ತಿ ತಯಾರಾಗಿದ್ದ ಕಂತನ್ನು ಪ್ರಸಾರವೇ ಮಾಡಲಿಲ್ಲ. ಅಷ್ಟು ಖರ್ಚನ್ನು ಒಮ್ಮೆಲೇ ಬರೆದುಹಾಕುವುದು ಎಷ್ಟು ಕಷ್ಟ ಎಂಬುದು ನಮ್ಮ ವೃತ್ತಿಯವರಿಗೆ ಗೊತ್ತು.

ಈಗ ಆ ಮನೆಯಲ್ಲೂ ಹಣದ ಚಿಂತೆ ಇದ್ದೇ ಇದೆ. ಬೊಂಬೆ ಆಟಿಕೆ ಮಾರಾಟದ ಹಕ್ಕಿನಿಂದ ಬಂದ ಹಣ ಮೊದಲಿನಿಂದ ಆಸರೆ. 2016ರಿಂದ ಹೊಸ ಕಂತುಗಳು ಮೊದಲು ಎಚ್‌ಬಿಒ ಎಂಬ ದುಡ್ಡು ಕೊಟ್ಟು ನೋಡುವ ವಾಹಿನಿಯಲ್ಲಿ ಬಂದು, ಒಂಬತ್ತು ತಿಂಗಳ ಮೇಲೆ ಬಡವರ ಮನೆಯ ಉಚಿತ ಪಿಬಿಎಸ್‌ಗೆ ಬರುವಂತಾಯಿತು. ಬಡ ಮಕ್ಕಳಿಗಾಗಿಯೇ ಹುಟ್ಟಿದ ಕಾರ್ಯಕ್ರಮಕ್ಕೆ ಅದು ಒಪ್ಪುವ ಮಾತಲ್ಲ. 2025ರ ಮೇ ತಿಂಗಳಲ್ಲಿ ನೆಟ್‌ಫ್ಲಿಕ್ಸ್ ಜೊತೆ ಒಪ್ಪಂದವಾಗಿ, ಈಗ ಎರಡೂ ಕಡೆ ಒಂದೇ ದಿನ ಬರುತ್ತಿದೆ. ಆದರೆ ಅದೇ ಜುಲೈನಲ್ಲಿ ಸಾರ್ವಜನಿಕ ಪ್ರಸಾರಕ್ಕೆ ಕೊಡಬೇಕಿದ್ದ ಸುಮಾರು 110 ಕೋಟಿ ಡಾಲರನ್ನು ಅಮೆರಿಕದ ಸಂಸತ್ತು ವಾಪಸು ಪಡೆಯಿತು.

ನಮ್ಮಲ್ಲಿ?

ಈ ಪ್ರಶ್ನೆ ಬಂದದ್ದು ಶಿವಮೊಗ್ಗದವರ ಮನೆಯ ಊಟದ ಮೇಜಿನಲ್ಲಿ. ನಮ್ಮ ಪೀಳಿಗೆಗೆ ‘ಮಾಲ್ಗುಡಿ ಡೇಸ್’ ಇತ್ತು. ಶಂಕರ್‌ನಾಗ್ ನಿರ್ದೇಶನ, ಆಗುಂಬೆಯ ಬೀದಿ, ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್. ನಮ್ಮವರು, ನಮ್ಮ ಊರಿನಲ್ಲಿ ಮಾಡಿದ್ದು. ಆದರೆ ದೂರದರ್ಶನದಲ್ಲಿ ನಾವು ನೋಡಿದ್ದು ಹಿಂದಿಯಲ್ಲಿ. ಪುಣ್ಯಕೋಟಿಯ ಕತೆ ಕೇಳದೆ ಬೆಳೆದ ಕನ್ನಡಿಗರಿಲ್ಲ. ಅದನ್ನು ಬೆಂಗಳೂರಿನ ರವಿಶಂಕರ್ ಎಂಬವರು ವರ್ಷಗಟ್ಟಲೆ ಕಷ್ಟಪಟ್ಟು, ಜನರಿಂದ ಹಣ ಕೂಡಿಸಿ ಪೂರ್ಣ ಪ್ರಮಾಣದ ಅನಿಮೇಷನ್ ಚಿತ್ರ ಮಾಡಿದರು. 2020ರಲ್ಲಿ ನೆಟ್‌ಫ್ಲಿಕ್ಸಿಗೂ ಬಂತು. ಅದು ಇರುವುದು ಸಂಸ್ಕೃತದಲ್ಲಿ. ಅವರ ಸಾಹಸದ ಬಗ್ಗೆ ಎರಡು ಮಾತಿಲ್ಲ, ಆದರೂ ಪುಟ್ಟಿಗೆ ನಾವು ಪಕ್ಕದಲ್ಲಿ ಕೂತು ಅರ್ಥ ಹೇಳಬೇಕಾಯಿತು.

2009ರಲ್ಲಿ ಕನ್ನಡ ಮಕ್ಕಳಿಗೆಂದೇ ಚಿಂಟು ಟಿ.ವಿ. ಬಂತು. ಡಬ್ಬಿಂಗ್ ಬೇಕೋ ಬೇಡವೋ ಎಂಬ ಜಗಳದಲ್ಲಿ ಮಕ್ಕಳ ಕಾರ್ಟೂನಿನ ಮಾತು ಪದೇ ಪದೇ ಬರುತ್ತಿತ್ತು. 2015ರಲ್ಲಿ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯುವಂತಿಲ್ಲ ಎಂದ ಮೇಲೆ ಆ ಬಾಗಿಲು ತೆರೆಯಿತು. ಶಿಶುಗೀತೆಗಳಿಗಂತೂ ಬರವಿಲ್ಲ. ಬೆಂಗಳೂರಿನ ಇನ್ಫೊಬೆಲ್ಸ್ ಸಂಸ್ಥೆಯ ಕನ್ನಡ ಹಾಡುಗಳು ಇಲ್ಲಿಯ ಎಲ್ಲ ಮನೆಗಳಲ್ಲೂ ಅನ್ನ ಉಣ್ಣಿಸುವ ಹೊತ್ತಿನ ಆಪದ್ಬಾಂಧವರು. ಹಾಡಿದೆ, ಅಕ್ಷರವಿದೆ, ಡಬ್ಬಿಂಗಿದೆ. ಮೂರರಿಂದ ಆರು ವರ್ಷದ ಮಗುವಿಗಾಗಿ ಕನ್ನಡದಲ್ಲೇ ಹುಟ್ಟಿದ, ಕಂತುಕಂತಾಗಿ ಬರುವ, ನಾಳೆ ಏನಾಗುತ್ತದೋ ಎಂದು ಕಾಯಿಸುವ ನಾಟಕ ಅಥವಾ ಅನಿಮೇಷನ್ ಎಷ್ಟಿದೆ ಎಂದು ಮೇಜಿನ ಸುತ್ತ ಕೂತ ಆರು ಜನ ಲೆಕ್ಕ ಹಾಕಿದೆವು. ಒಂದು ಕೈಯ ಬೆರಳು ಮುಗಿಯಲಿಲ್ಲ.

ಕೈಯಲ್ಲಿ ಕಲೆಯಿಲ್ಲ ಎನ್ನುವಂತಿಲ್ಲ. ದೇಶದಲ್ಲೇ ಮೊದಲು ಅನಿಮೇಷನ್ ಉದ್ಯಮಕ್ಕೆ ನೀತಿ ಮಾಡಿದ ರಾಜ್ಯ ಕರ್ನಾಟಕ, 2012ರಲ್ಲಿ. ಶಿವಮೊಗ್ಗದವರ ತಮ್ಮನೇ ಬೆಂಗಳೂರಿನ ಸ್ಟುಡಿಯೊ ಒಂದರಲ್ಲಿ ಹತ್ತು ವರ್ಷ ವಿದೇಶಿ ಕಾರ್ಟೂನುಗಳ ಪಾತ್ರಗಳನ್ನು ನಡೆಸಿ, ಓಡಿಸಿ, ಕುಣಿಸಿದವನು. ಕತೆ, ಪಾತ್ರದ ರೂಪ, ಮಾತು ಎಲ್ಲ ಅಲ್ಲಿಂದ ಬರುತ್ತಿತ್ತು. ಅಕ್ಕನ ಮಕ್ಕಳು ನ್ಯೂಯಾರ್ಕಿನಲ್ಲಿ ನೋಡುತ್ತಿದ್ದ ಕಾರ್ಟೂನಿಗೆ ಬೆಂಗಳೂರಿನಲ್ಲಿ ಮಾವನೇ ಜೀವ ಕೊಡುತ್ತಿದ್ದ, ಇಂಗ್ಲಿಷಿನಲ್ಲಿ. ಆ ಸ್ಟುಡಿಯೊ ಬಾಗಿಲು ಹಾಕಿ ಅವನು ಕೆಲಸ ಕಳೆದುಕೊಂಡು ಮನೆಯಲ್ಲಿದ್ದ.

“ಅಕ್ಕಾ, ಆ ಕೋತಿ ಕತೇನ ಮಾಡೋಣ, ನಾನು ಹೇಳಿಕೊಡ್ತೀನಿ” ಎಂದು ಅವನೇ ಹೇಳಿದ.

ಊರಿಗೆ ಹೋಗಿದ್ದಾಗ ನಮಗೊಂದು ವಸ್ತು ಸಿಕ್ಕಿತ್ತು. ಅದನ್ನು ಇಲ್ಲಿಯವರೆಗೆ ಹೇಳಲಿಲ್ಲ. ಅಜ್ಜನ ಮೇಜಿನ ಖಾನೆಯಲ್ಲಿ ಕೆಂಪು ಬಟ್ಟೆಯ ರಟ್ಟಿನ ಒಂದು ಹಳೆ ಮಂಡಿ ಪುಸ್ತಕ. ಮೊದಲ ಪುಟದಲ್ಲಿ ‘ಶ್ರೀ’ ಬರೆದು, ಕೆಳಗೆ ‘ಶ್ರೀಮಾನ್ ಕೋತಿಯವರ ಖಾತೆ’. ಒಂದೊಂದು ದಿನದ ತಾರೀಖು ಹಾಕಿ, ಖರ್ಚು, ಜಮಾ, ಬಾಕಿ. ನವಿಲುಗರಿ 1ಕ್ಕೆ ಗಿಟುಕು 3. ಒಂಟಿ ಚಪ್ಪಲಿಗೆ ಗಿಟುಕು ಅರ್ಧ. ಪಕ್ಕದಲ್ಲಿ ‘ಇನ್ನೊಂದು ಚಪ್ಪಲಿ ತಂದರೆ 5, ಪುಟ್ಟಿಯ ಆದೇಶ’. ಅವಳು ಹೇಳಿದ ದರಗಳೆಲ್ಲ ಅಲ್ಲಿದ್ದವು. ಕೋತಿಯ ಬಾಕಿ ಇನ್ನೂ 7 ಗಿಟುಕು. ಕೊನೆಯ ಸಾಲಿನಲ್ಲಿ ‘ತಗಡಿನ ಡಬ್ಬಿ 1’ ಎಂದಿತ್ತು. ಮೊತ್ತದ ಕಲಂ ಖಾಲಿ.

ಬೇಸ್‌ಮೆಂಟ್ ಸ್ಟುಡಿಯೊ

ನಮ್ಮ ಅನಿಮೇಷನ್ನಿನ ವಿವರ ಕೇಳಿ ತಿಳಿದವರು ನಗಬಾರದು. ಕಾಗದದ ಕೋತಿ, ಕಾಗದದ ಗುಮಾಸ್ತ, ಕೈಕಾಲು ಬೇರೆ ಬೇರೆ ಕತ್ತರಿಸಿ ಗುಂಡಿಯಿಂದ ಜೋಡಿಸಿದ್ದು. ಬೇಸ್‌ಮೆಂಟಿನ ಮೇಜಿನ ಮೇಲೆ ಮಲಗಿಸಿ, ಒಂದು ಸ್ವಲ್ಪ ಜರುಗಿಸಿ ಮೇಲಿಂದ ಫೋನಿನಲ್ಲಿ ಒಂದು ಫೋಟೊ, ಮತ್ತೆ ಸ್ವಲ್ಪ ಜರುಗಿಸಿ ಇನ್ನೊಂದು. ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರ ಓಡುತ್ತವೆ. 12 ಇದ್ದರೂ ಕಣ್ಣಿಗೆ ಮೋಸವಾಗುತ್ತದೆ, ನಿಮಗೆ 8 ಸಾಕು ಎಂದ ತಮ್ಮ. ಮೂರು ನಿಮಿಷಕ್ಕೆ 1,440 ಫೋಟೊ. ಎರಡು ವಾರಾಂತ್ಯ ಹೋಯಿತು. ಮೊದಲ ದಿನದ್ದೆಲ್ಲ ಹಾಳು: ಬೇಸ್‌ಮೆಂಟಿನ ಸಣ್ಣ ಕಿಟಕಿಯಿಂದ ಬೆಳಕು ಬಂದು ಹೋಗಿ, ಕೋತಿಯ ಮುಖ ಗಳಿಗೆಗೊಮ್ಮೆ ಕಪ್ಪಾಗಿ ಬಿಳಿಯಾಗಿ ಮಿಣುಕುತ್ತಿತ್ತು. ಕಿಟಕಿಗೆ ರಟ್ಟು ಬಡಿದು ಎರಡು ಟೇಬಲ್ ಲ್ಯಾಂಪ್ ತಂದೆವು. ಒಟ್ಟು ಖರ್ಚು 43 ಡಾಲರ್. ರಸೀದಿಗಳನ್ನು ಇಟ್ಟಿದ್ದೇವೆ, ಅದು ಅಭ್ಯಾಸ.

ಧ್ವನಿ ತಿಪಟೂರಿನಿಂದ. ಅಜ್ಜಿ ತಾನು ಹೇಳಲಾರೆ ಎಂದರು. “ನಂಗೆ ಅವ್ರ ಥರ ಬರಲ್ಲ.” ಆಮೇಲೆ ಒಂದು ಬೆಳಿಗ್ಗೆ ಯಾರಿಗೂ ಹೇಳದೆ ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸಿದ್ದರು.

ಮೊದಲ ಕಂತು ತಯಾರಾದಾಗ ಪಾಮರ್ ಅವರ ಪರೀಕ್ಷೆ ಮಾಡಿಯೇಬಿಡೋಣ ಎಂದು ಐದು ಮಕ್ಕಳನ್ನು ಕೂರಿಸಿದೆವು. ಮೂರು ಕನ್ನಡದವು, ಒಂದು ಅರ್ಧ ಕನ್ನಡ ಅರ್ಧ ಗುಜರಾತಿ, ಇನ್ನೊಬ್ಬ ಪಕ್ಕದ ಮನೆಯ ಮಲಯಾಳಿ ಹುಡುಗ. ಟಿ.ವಿ.ಯಲ್ಲಿ ಕೋತಿ; ಪಕ್ಕದ ಲ್ಯಾಪ್‌ಟಾಪಿನಲ್ಲಿ ನಮ್ಮ ನಯಾಗರ ಪ್ರವಾಸದ ಫೋಟೊಗಳು. ಹತ್ತು ಸೆಕೆಂಡಿಗೊಮ್ಮೆ ಯಾರ ಕಣ್ಣು ಎಲ್ಲಿ ಎಂದು ಗುರುತು. ಒಟ್ಟು 90 ಗುರುತುಗಳಲ್ಲಿ 29 ಸಲ ಮಕ್ಕಳು ನಯಾಗರ ನೋಡಿದ್ದರು. ಆ 29ರಲ್ಲಿ 17 ಒಂದೇ ಜಾಗದಲ್ಲಿ: ತಿಪಟೂರು ಎಲ್ಲಿದೆ, ಕೊಬ್ಬರಿ ಹೇಗೆ ಮಾಡುತ್ತಾರೆ, ಸಾಲ ಮಾಡಬಾರದು ಏಕೆ ಎಂದು ನಾವು ಬಹಳ ಆಸೆಯಿಂದ ಸೇರಿಸಿದ್ದ ನಲವತ್ತು ಸೆಕೆಂಡಿನ ವಿವರಣೆ. ಮಕ್ಕಳಿಗೆ ನಮ್ಮ ಸಂಸ್ಕೃತಿ ತಿಳಿಯಲಿ ಎಂದು ಹಾಕಿದ್ದು. ಕತ್ತರಿಸಿ ಎಸೆದೆವು. 320 ಫೋಟೊ. ಬರೆದವರು ನಾವೇ ಆದ್ದರಿಂದ ಸ್ವಲ್ಪ ಹೊಟ್ಟೆ ಉರಿಯಿತು.

ಇನ್ನೊಂದು ಕಡೆ ನಾವೇ ತಪ್ಪೆಂದುಕೊಂಡು ತೆಗೆಯಬೇಕೆಂದಿದ್ದೆವು. ನವಿಲುಗರಿಗೆ ಎಷ್ಟು ಗಿಟುಕು ಎಂದು ಅಜ್ಜಿ ಕೇಳಿದ ಮೇಲೆ ಹನ್ನೊಂದು ಸೆಕೆಂಡು ಏನೂ ಇಲ್ಲ. ಕೇಳಿದರೆ, “ಹಾಲು ಉಕ್ತಿತ್ತು, ಆರಿಸೋಕೆ ಹೋಗಿದ್ದೆ” ಎಂದರು. ಪರದೆಯ ಮೇಲೆ ಕೋತಿ ಸುಮ್ಮನೆ ನಮ್ಮನ್ನೇ ನೋಡುತ್ತ ನಿಂತಿರುತ್ತದೆ. ಆ ಹನ್ನೊಂದು ಸೆಕೆಂಡಿನಲ್ಲಿ ಒಂದೇ ಒಂದು ಮಗುವೂ ತಲೆ ತಿರುಗಿಸಲಿಲ್ಲ. “ಎರಡು!” “ಹತ್ತು!” ಎಂದು ಕೂಗಿದರು. ಮನೆಯಲ್ಲಿ ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಶಿವಮೊಗ್ಗದವರ ಮಗ ಎದ್ದು ನಿಂತು, “ಕೊಡಬೇಡ, ಅದು ಹರಿದ ಗರಿ!” ಎಂದ. ಅವನ ತಾಯಿ ನಮ್ಮ ಕಡೆ ನೋಡಿದರು. ಮಲಯಾಳಿ ಹುಡುಗ ಏನು ಕೇಳಿದರೆಂದು ಪುಟ್ಟಿಯನ್ನು ಕೇಳಿ, ತಿಳಿದುಕೊಂಡು, ತಾನೂ “ಮೂನ್ನು” ಎಂದ. ಆಮೇಲೆ ಗೊತ್ತಾಯಿತು, ಇದೇ ನ್ಯೂಯಾರ್ಕಿನಲ್ಲಿ 1996ರಲ್ಲಿ ಶುರುವಾದ ‘ಬ್ಲೂಸ್ ಕ್ಲೂಸ್’ ಎಂಬ ಮಕ್ಕಳ ಕಾರ್ಯಕ್ರಮದವರು ಬೇಕೆಂದೇ ಪ್ರಶ್ನೆ ಕೇಳಿ ಇಷ್ಟು ಹೊತ್ತು ಸುಮ್ಮನಿರುತ್ತಿದ್ದರಂತೆ, ಒಂದೇ ಕಂತನ್ನು ಸೋಮವಾರದಿಂದ ಶುಕ್ರವಾರದವರೆಗೆ ಐದು ದಿನವೂ ಹಾಕುತ್ತಿದ್ದರಂತೆ. ಮಕ್ಕಳಿಗೆ ಬೇಸರವಾಗುವುದಿಲ್ಲ, ಬುಧವಾರದ ಹೊತ್ತಿಗೆ ಉತ್ತರ ಗೊತ್ತಿರುವ ಜಂಬ ಬರುತ್ತದೆ.

ಈಗ ನಾಲ್ಕು ಕಂತುಗಳಾಗಿವೆ. ಹುಣಸೆಹಣ್ಣು, ನವಿಲುಗರಿ, ಒಂಟಿ ಚಪ್ಪಲಿ, ಮತ್ತೆ ಕೋತಿಗೆ ಜ್ವರ ಬಂದು ಮಂಡಿಗೆ ಬಾರದ ದಿನ. ಈ ನಾಲ್ಕನೆಯದು ಅಜ್ಜನದಲ್ಲ, ಅಜ್ಜಿಯದು. ಮೊದಲು ಬರಲ್ಲ ಎಂದವರು ಈಗ ಫೋನ್ ಮಾಡಿ, ಗುಮಾಸ್ತನಿಗೆ ಒಬ್ಬ ಹೆಂಡತಿ ಬೇಡವೇನೋ, ಒಬ್ಬನೇ ಎಷ್ಟು ದಿನ ಅಂತ ಇರ್ತಾನೆ ಎಂದು ಕೇಳುತ್ತಾರೆ. ಕೆಲಸವಿಲ್ಲದೆ ಕೂತಿದ್ದ ತಮ್ಮನಿಗೆ ಬೇರೆ ಕಡೆ ಕೆಲಸ ಸಿಕ್ಕಿದೆ, ಮತ್ತೆ ವಿದೇಶಿ ಕಾರ್ಟೂನೇ. ಭಾನುವಾರ ರಾತ್ರಿ ಮಾತ್ರ ನಮಗೆ ಸಿಗುತ್ತಾನೆ. ನಮಗೋ, ಮತ್ತೆ ತೆರಿಗೆಯ ಸುಗ್ಗಿ ಶುರುವಾಗಿದೆ.

ಈ ಶನಿವಾರ ಐದನೆಯ ಕಂತಿನ ಚಿತ್ರೀಕರಣ. ಬೆಳ್ಳಿ ಬಣ್ಣದ ಕಾಗದದಲ್ಲಿ ಡಬ್ಬಿ ಕತ್ತರಿಸಿ ಇಟ್ಟಿದ್ದೇವೆ. ಒಳಗೆ ಏನಿರಬೇಕೆಂದು ಎಲ್ಲ ಮಕ್ಕಳೂ ಹೇಳಿದ್ದಾರೆ: ಚಪ್ಪಲಿಯ ಜೋಡಿ, ಕೋತಿಯ ಮರಿ, ಚಾಕೊಲೇಟು. ಪುಟ್ಟಿ ಮಾತ್ರ ಕೆಂಪು ಪುಸ್ತಕದ ಕೊನೆಯ ಸಾಲನ್ನು ಬೆರಳಿಟ್ಟು ತೋರಿಸಿ ಇದನ್ನು ಓದು ಎನ್ನುತ್ತಾಳೆ, ಕೇಳುತ್ತಾಳೆ, ಹೋಗಿ ಆಡಿಕೊಳ್ಳುತ್ತಾಳೆ. ಡಬ್ಬಿಗೆ ಮುಚ್ಚಳವನ್ನು ಬೇರೆಯಾಗಿ ಕತ್ತರಿಸಬೇಕೋ, ಒಟ್ಟಿಗೇ ಅಂಟಿಸಬೇಕೋ ಎಂದು ಕೇಳಿದ್ದೇವೆ. ಯೋಚಿಸುತ್ತಿದ್ದಾಳೆ.